ಮಂಡಿ ನೋವಿಗೂ ಒಂದು ಬಜೆಟ್ ಬೇಕು

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ದರಕ್ಕೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿದ್ದ ಕೋಬಾಲ್ಟ್-ಕ್ರೋಮಿಯಂ ಇಂಪ್ಲಾಂಟ್‌ಗೆ 54,720 ರೂಪಾಯಿ, ಜಿಎಸ್‌ಟಿ ಬೇರೆ. ಒಳ್ಳೆಯ ನಿರ್ಧಾರವೇ. ಆದರೆ ಮಂಡಿ ನೋವು ರಾಜಕೀಯದ ಕಣ್ಣಿಗೆ ಬಿದ್ದಿದ್ದು ಆಪರೇಷನ್ ಥಿಯೇಟರಿನ ಬಾಗಿಲಲ್ಲಿ. ಅದಕ್ಕೂ ಮೊದಲು ವರ್ಷಗಟ್ಟಲೆ ಅನುಭವಿಸುವ ನೋವಿನ ಲೆಕ್ಕ ಇಟ್ಟವರು ಯಾರು?

ಹಳ್ಳಿಯಲ್ಲಿ ಆ ವರ್ಷಗಳು ಹೇಗೆ ಕಳೆಯುತ್ತವೆ ಅಂತ ನಿಮಗೂ ಗೊತ್ತು. ಎಣ್ಣೆ ತಿಕ್ಕೋದು, ಮೆಡಿಕಲ್ ಶಾಪಿನ ಮಾತ್ರೆ ನುಂಗೋದು, ತಡೆಯೋಕಾಗದಿದ್ದರೆ ಒಂದು ಇಂಜೆಕ್ಷನ್. ಕೊನೆಗೆ ‘ವಯಸ್ಸಾಯ್ತಲ್ಲ’ ಅನ್ನೋ ಷರಾ.

ವಿಜ್ಞಾನ ಹೇಳೋದು ಬೇರೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಪ್ರಕಾರ ಸಂಧಿ ಸವೆತ ಇರುವ ಎಲ್ಲರಿಗೂ ವ್ಯಾಯಾಮವೇ ಮುಖ್ಯ ಚಿಕಿತ್ಸೆ. ಡೆನ್ಮಾರ್ಕ್ 2013ರಲ್ಲಿ ಶುರು ಮಾಡಿದ ‘ಗ್ಲಾಡ್’ ಕಾರ್ಯಕ್ರಮದಲ್ಲಿ ಎರಡು ಮಾಹಿತಿ ತರಗತಿ, ಆರು ವಾರಗಳಲ್ಲಿ 12 ಗುಂಪು ವ್ಯಾಯಾಮ. ಕುರ್ಚಿಯಿಂದ ಎದ್ದು ಕೂರೋದು, ಮೆಟ್ಟಿಲು ಹತ್ತಿಳಿಯೋದು, ಇಂಥವೇ. ದುಬಾರಿ ಯಂತ್ರ ಬೇಕಿಲ್ಲ.

‘ದಿನವಿಡೀ ಗದ್ದೆಯಲ್ಲಿ ದುಡಿಯೋಳಿಗೆ ಮತ್ತೆಂಥ ವ್ಯಾಯಾಮ?’ ನ್ಯಾಯವಾದ ಪ್ರಶ್ನೆ. ಬಗ್ಗಿ ನಾಟಿ ಮಾಡೋದು, ಕುಕ್ಕರುಗಾಲಲ್ಲಿ ಕೂತು ಕಳೆ ಕೀಳೋದು ಮಂಡಿಯ ಮೇಲೆ ಭಾರ ಹೇರುತ್ತವೆ. ಆ ಭಾರ ಹೊರಬೇಕಾದ ತೊಡೆಯ ಸ್ನಾಯುವನ್ನು ಹಂತಹಂತವಾಗಿ ಗಟ್ಟಿ ಮಾಡೋದು ವ್ಯಾಯಾಮ. ಇಂಜಿನಿಯರಿಂಗ್ ಓದಿದ ನನ್ನ ಭಾಷೆಯಲ್ಲಿ ಹೇಳೋದಾದರೆ, ಅದು ಲೋಡ್, ಇದು ಸಪೋರ್ಟ್.

ಆದರೆ ಚೀಟಿಯಲ್ಲಿ ‘ವ್ಯಾಯಾಮ ಮಾಡಿ’ ಅಂತ ಬರೆದು ಕಳಿಸಿದರೆ ಏನೂ ಆಗಲ್ಲ. ನೋವಿರುವಾಗ ಕಾಲು ಮಡಚೋಕೆ ಭಯ. ಪಕ್ಕದ ಮನೆಯಾಕೆಯೂ ಮಾಡುತ್ತಿದ್ದರೆ ಆ ಭಯ ಕಡಿಮೆಯಾಗುತ್ತೆ. ಅದಕ್ಕೆ ಬೇಕಾದ್ದು ನಿಗದಿತ ದಿನ, ಒಂದು ಜಾಗ, ತರಬೇತಿ ಪಡೆದ ಒಬ್ಬರು. ಜಾಗ ಇದೆ: ಆಯುಷ್ಮಾನ್ ಆರೋಗ್ಯ ಮಂದಿರ, ಸಮುದಾಯ ಭವನ. ವಾರವಾರ ಸೇರುವ ಸ್ವಸಹಾಯ ಸಂಘಗಳೂ ಇವೆ. ಕೂಲಿ ತಪ್ಪದಂತೆ ಸಮಯ ಇಟ್ಟುಕೊಳ್ಳಬೇಕು. ಮಂಡಿ ಊದಿ ಕೆಂಪಾದರೆ, ಜ್ವರ ಬಂದರೆ ವೈದ್ಯರ ಬಳಿ ಕಳಿಸಬೇಕು.

ಹಾಗಂತ ಇದನ್ನೂ ಆಶಾ ಕಾರ್ಯಕರ್ತೆಯರ ತಲೆಗೆ ಬಿಟ್ಟಿಯಾಗಿ ಕಟ್ಟಬಾರದು. ಗೌರವಧನ ಹೆಚ್ಚಿಸಿ ಅಂತ 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನ ಚಳಿಯಲ್ಲಿ ಕೂತಿದ್ದವರು ಅವರೇ. ಕೆಲಸ ಕೊಟ್ಟರೆ ಸಂಬಳವನ್ನೂ ಕೊಡಬೇಕು. ತರಬೇತಿಗೆ, ಮೇಲ್ವಿಚಾರಣೆಗೆ ತಾಲೂಕಿಗೊಬ್ಬ ಫಿಸಿಯೋಥೆರಪಿಸ್ಟ್ ಬೇಕು.

ಇಂಪ್ಲಾಂಟ್ ಮಾರೋಕೆ ಕಂಪನಿಗಳಿವೆ, ವ್ಯಾಯಾಮದ ಪರ ಲಾಬಿ ಮಾಡೋರಿಲ್ಲ. ಆ ಕೆಲಸ ನಾವೇ ಮಾಡಬೇಕು. ನಿಮ್ಮೂರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆ ಯಾವಾಗ ಅಂತ ಈ ವಾರ ವಿಚಾರಿಸಿ. ಅಲ್ಲಿ ಮಂಡಿ ನೋವಿನ ವಿಷಯ ಎತ್ತಿ.