ಮುಂಹಾಯಿ ದೊಡ್ಡದಾದರೆ ದೋಣಿ ದೊಡ್ಡದಾಗುವುದೇ?



ಕಳೆದ ಭಾನುವಾರ ದೇರೆಬೈಲಿನ ನಮ್ಮ ಮನೆಯ ಚಾವಡಿಯಲ್ಲಿ ನಡೆದ ವಾಗ್ವಾದವೊಂದನ್ನು ಇಲ್ಲಿ ದಾಖಲಿಸದೆ ಇರಲಾರೆ. ಗಲ್ಫಿನ ನೌಕರಿ ಬಿಟ್ಟು ಊರಿಗೆ ಮರಳಿದ ನನ್ನ ಅಕ್ಕನ ಮಗ, ಇಪ್ಪತ್ತು ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡಿದ್ದಾನೆ. ಅದರ ಮುಂಹಾಯಿ ಹರಿದುಹೋಗಿದೆ. ಹೊಸದನ್ನು ಹೊಲಿಸುವಾಗ ಸಿಗುವುದರಲ್ಲೆಲ್ಲ ದೊಡ್ಡದಾದ 'ಜೆನೋವಾ' ಹಾಯಿಯನ್ನೇ ಹೊಲಿಸಬೇಕೆಂಬುದು ಅವನ ನಿರ್ಧಾರ. ಅದರ ಮೇಲೆ ಗಂಡಭೇರುಂಡದ ಚಿತ್ರವೂ ಬೇಕಂತೆ. ಅಂದು ಬಂದಿದ್ದ ನನ್ನ ಮೂವರು ಹಳೆಯ ವಿದ್ಯಾರ್ಥಿಗಳೂ ತಲೆಯಾಡಿಸಿದರು. "ಸರ್, ಹಾಯಿ ದೊಡ್ಡದಾದಷ್ಟೂ ವೇಗ ಹೆಚ್ಚಲ್ಲವೇ?" ಎಂದು ನನ್ನನ್ನೇ ಕೇಳಿದರು. ವಿಜ್ಞಾನ ಕಲಿಸಿದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೊಂದಿಲ್ಲ.

ಗಂಡಭೇರುಂಡದ ಬಗ್ಗೆ ನನ್ನ ತಕರಾರಿಲ್ಲ. 2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಎಂಬ ಹೊಲಿಗೆಯ ಹಡಗಿನ ಹಾಯಿಯ ಮೇಲೆ ಆ ಪಕ್ಷಿಯನ್ನು ಕಂಡು ನಾನೂ ಹೆಮ್ಮೆಪಟ್ಟವನೇ. ಆದರೆ ದೋಣಿಯನ್ನು ನಡೆಸುವುದು ಚಿತ್ರವಲ್ಲ; ಬಟ್ಟೆಯ ವಿಸ್ತೀರ್ಣ ಮತ್ತು ಆಕಾರ.

ಮೊದಲು ಲೆಕ್ಕ ನೋಡೋಣ. ಮುಂತಂತಿಯ ಗುಂಟ ಹಾಯಿಯ ಅಂಚು 7 ಮೀಟರು, ಆ ತಂತಿಯ ಬುಡದಿಂದ ಕೂವೆಮರದ ಬುಡಕ್ಕೆ 2.4 ಮೀಟರು ಎಂದಿಟ್ಟುಕೊಳ್ಳಿ. ಮುಂದಿನ ಅಂಚಿನಿಂದ ಹಾಯಿಯ ಹಿಂಬದಿ ಮೂಲೆಗೆ ಎಳೆದ ಲಂಬವೂ ಅಷ್ಟೇ ಇದ್ದರೆ ಅದು ನೂರು ಶೇಕಡಾ ಹಾಯಿ, ವಿಸ್ತೀರ್ಣ 8.4 ಚದರ ಮೀಟರು. ಅಳಿಯ ಬಯಸುವ 150 ಶೇಕಡಾ ಹಾಯಿಯದು 12.6. ಇನ್ನು ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಒಂಬತ್ತನೆಯ ತರಗತಿಯಲ್ಲೇ ನಿಮಗೆ ಹೇಳಿದ್ದೆ. ಗಾಳಿ ಹತ್ತು ನಾಟ್‌ನಿಂದ ಇಪ್ಪತ್ತಕ್ಕೇರಿದರೆ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆಗ ದೊಡ್ಡ ಹಾಯಿ ದೋಣಿಯನ್ನು ಮುಂದೊಯ್ಯುವುದಕ್ಕಿಂತ ಪಕ್ಕಕ್ಕೆ ವಾಲಿಸುವುದೇ ಹೆಚ್ಚು. ವಾಲಿದ ದೋಣಿ ವೇಗವನ್ನೂ ಕಳೆದುಕೊಳ್ಳುತ್ತದೆ, ಚುಕ್ಕಾಣಿಯ ಮಾತನ್ನೂ ಕೇಳುವುದಿಲ್ಲ.

"ಮಾವ, ಗಾಳಿ ಜೋರಾದರೆ ಅರ್ಧ ಸುತ್ತಿಟ್ಟರಾಯಿತು" ಎಂದ ಅಳಿಯ. ಸುತ್ತಬಹುದು, ಅಲ್ಲಗಳೆಯುವುದಿಲ್ಲ. ಆದರೆ ಅರ್ಧ ಸುತ್ತಿದ ಜೆನೋವಾ ಚೀಲದಂತೆ ಉಬ್ಬುತ್ತದೆ. ಚಪ್ಪಟೆಯಾಗಿರಬೇಕಾದ ಹೊತ್ತಿನಲ್ಲಿ ಉಬ್ಬಿದ ಹಾಯಿ ಯಾವ ಉಪಕಾರಕ್ಕೆ? ಅರಬ್ಬೀ ಸಮುದ್ರದ ಡೌ ನೌಕೆಗಳ ನಾವಿಕರು ಗಾಳಿ ಹೆಚ್ಚಿದಾಗ ದೊಡ್ಡ ಹಾಯಿಯನ್ನಿಳಿಸಿ ಬೇರೊಂದು ಚಿಕ್ಕ ಹಾಯಿಯನ್ನೇ ಏರಿಸುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದವರಿಗೂ ತಿಳಿದಿದ್ದ ವಿವೇಕವದು.

ಈ ದೊಡ್ಡ ಹಾಯಿಯ ಮೋಹ ಎಲ್ಲಿಂದ ಬಂತು? 1970ರ ದಶಕದಲ್ಲಿ ಐಒಆರ್ ಎಂಬ ಪಂದ್ಯದ ಅಳತೆ ನಿಯಮಗಳು ದೊಡ್ಡ ಮುಂಹಾಯಿ, ಚಿಕ್ಕ ಮುಖ್ಯಹಾಯಿಗೆ ಅನುಕೂಲವಾಗಿದ್ದವು. ಪಂದ್ಯದ ಆ ಶೋಕಿ ಸಾಮಾನ್ಯ ದೋಣಿಗಳಿಗೂ ಹಬ್ಬಿತು. ಇಂದು ಪಂದ್ಯದವರೇ ಅದನ್ನು ಬಹುಮಟ್ಟಿಗೆ ಬಿಟ್ಟು, ಚಿಕ್ಕ ಜಿಬ್ ಹಾಯಿಗೆ ಮರಳಿದ್ದಾರೆ. ಮಕ್ಕಳಿಗೆ ಹಾಯಿ ಕಲಿಸುವ 'ಆಪ್ಟಿಮಿಸ್ಟ್' ದೋಣಿಗಂತೂ ಮುಂಹಾಯಿಯೇ ಇಲ್ಲ!

ಮುಂಜಾನೆಯ ಮಂದಗಾಳಿಯಲ್ಲಿ ದೊಡ್ಡ ಹಾಯಿಯೇ ಮೇಲೆಂಬುದು ನಿಜ. ಆದರೆ ಇವನು ಹೊರಡುವುದು ಮಧ್ಯಾಹ್ನದ ಊಟ ಮುಗಿಸಿ, ಕಡಲಗಾಳಿ ಏರುವ ಹೊತ್ತಿಗೆ. ಅದೂ ಫಲ್ಗುಣಿಯ ಹೊಳೆಯಲ್ಲಿ. ಬೆಂಗ್ರೆಯ ಕಡೆಯಿಂದ ಉತ್ತರಕ್ಕೆ ಮರಳುವಾಗ ವಾಯವ್ಯದ ಗಾಳಿಯಿದ್ದರೆ ಓರೆಯೋರೆಯಾಗಿ, ಮತ್ತೆ ಮತ್ತೆ ದಿಕ್ಕು ಬದಲಿಸಿ ಸಾಗಬೇಕು. ಪ್ರತಿ ತಿರುವಿನಲ್ಲೂ ಅಷ್ಟು ದೊಡ್ಡ ಬಟ್ಟೆಯನ್ನು ಕೂವೆಮರ ಬಳಸಿ ಎಳೆಯುವವರಾರು? ಹತ್ತು ವರ್ಷದ ಮೊಮ್ಮಗಳೇ? ಮೇಲಾಗಿ, ಕೆಳಗಿನವರೆಗೆ ಇಳಿಬಿದ್ದ ಆ ಹಾಯಿ ಮುಂದಿನ ನೋಟವನ್ನೇ ಮರೆಮಾಡುತ್ತದೆ. ಇದಿರಿನಿಂದ ಬರುವ ಮೀನುಗಾರರ ದೋಣಿ ಕಾಣುವುದು ಹೇಗೆ?

ನನ್ನ ಮಾತಿಗೆ ಇಷ್ಟು ಕಾವೇಕೆಂದರೆ, 1974ರಲ್ಲಿ ಕೂಳೂರು ಹೊಳೆಯಲ್ಲಿ ನಾನೂ ನೆರೆಮನೆಯ ಗೆಳೆಯನೂ ದೊಡ್ಡ ದೋಣಿಯೊಂದರ ಹಳೆಯ ಹಾಯಿಯನ್ನು ಚಿಕ್ಕ ದೋಣಿಗೆ ಕಟ್ಟಿ ಹೊರಟಿದ್ದೆವು. ಹಾಯಿಯ ಹಗ್ಗವನ್ನು ಕೈಯಲ್ಲಿ ಹಿಡಿಯುವ ಬದಲು ದೋಣಿಗೇ ಬಿಗಿದಿದ್ದೆವು. ಒಂದೇ ಬೀಸುಗಾಳಿ, ಗಂಟು ಬಿಚ್ಚುವ ಮೊದಲೇ ದೋಣಿ ಮಗುಚಿತು. ಮೀನು ಹಿಡಿಯುತ್ತಿದ್ದ ಇಬ್ಬರು ನಮ್ಮನ್ನು ಮೇಲೆತ್ತಿದರು. ದಡದಲ್ಲಿ ನಿಂತು ಅಂದು ಕೂಗಿಕೊಂಡವಳು ನನ್ನ ಅಕ್ಕ, ಈ ಅಳಿಯನ ತಾಯಿ. ಭಾನುವಾರ ಅವಳು ಒಂದು ಮಾತೂ ಆಡದೆ ಒಳಗೆ ಹೋದದ್ದನ್ನು ಅವನು ಗಮನಿಸಲಿಲ್ಲ. ನಾನು ಗಮನಿಸಿದೆ.

ಆದುದರಿಂದ ಅಳಿಯನಿಗೆ ನನ್ನ ಬಹಿರಂಗ ಸಲಹೆ ಇಷ್ಟು. ನೂರರಿಂದ ನೂರಹತ್ತು ಶೇಕಡಾ ಮೀರದ ಹಾಯಿ ಹೊಲಿಸು. ಲ್ಯಾಮಿನೇಟ್ ಬಟ್ಟೆಯ ಹೊಳಪಿಗೆ ಮರುಳಾಗದೆ, ದೀರ್ಘಕಾಲ ಬಾಳುವ ಡೇಕ್ರಾನ್ ಬಟ್ಟೆಯನ್ನೇ ಕೇಳು. ಸುತ್ತಿಟ್ಟಾಗ ಬಿಸಿಲಿಗೆ ಒಡ್ಡುವ ಅಂಚುಗಳಿಗೆ ರಕ್ಷಣೆಯ ಪಟ್ಟಿ ಹೊಲಿಸು; ಒದ್ದೆ ಹಾಯಿಯನ್ನು ಮಡಚಿಡಬೇಡ, ಬೂಸ್ಟು ಹಿಡಿಯುತ್ತದೆ. ದೋಣಿಯ ಮಾದರಿಯ ಹೆಸರು ಹೇಳಿ ಹಾಯಿ ತರಿಸಬೇಡ. ಹಳೆಯ ದೋಣಿಗಳ ತಂತಿ, ಕಂಬಗಳು ಬದಲಾಗಿರುತ್ತವೆ, ಖುದ್ದು ಅಳೆಯಬೇಕು. ಉಳಿದ ಹಣದಲ್ಲಿ ಎಲ್ಲರಿಗೂ ಒಳ್ಳೆಯ ಲೈಫ್ ಜಾಕೆಟ್ ಕೊಳ್ಳು. ಗಂಡಭೇರುಂಡ ಬೇಕಾದರೆ ಚಿಕ್ಕ ಹಾಯಿಯಲ್ಲೂ ಹಿಡಿಸುತ್ತದೆ.

ಅಳತೆಯ ಟೇಪು ನನ್ನಲ್ಲಿದೆ. ಬರುವ ಭಾನುವಾರ ದೋಣಿಯ ಬಳಿಗೆ ನಾನೂ ಬರುತ್ತೇನೆ, ಅಕ್ಕನನ್ನೂ ಕರೆತರುತ್ತೇನೆ. ತಲೆಯಾಡಿಸಿದ ಆ ಮೂವರೂ ಬರಲಿ. ವರ್ಗದ ಲೆಕ್ಕವನ್ನು ಅಲ್ಲೇ ಇನ್ನೊಮ್ಮೆ ಮಾಡಿಸುವುದಿದೆ.