ಹಳೆಯ ಕಂಪ್ಯೂಟರನ್ನು ಮೋಡಕಾಕ್ಕೆ ಹಾಕುವ ಮುನ್ನ

ಶಲವಡಿಯ ಹಿರಿಯರೆ, ತಾಯಂದಿರೆ, ಶಾಲೆಯ ಗುರುಗಳೆ, ಹುಬ್ಬಳ್ಳಿ-ಧಾರವಾಡ, ಗದಗಿನ ಕಾಲೇಜುಗಳಲ್ಲಿ ಓದುತ್ತಿರುವ ನಮ್ಮೂರ ತಮ್ಮ-ತಂಗಿಯರೆ,

ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲೇ ನಿಂತಿತ್ತು. ಹೊಸ ವಿಂಡೋಸ್ 11 ಹಾಕಿಸೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಕನಿಷ್ಠ 4 ಜಿಬಿ ರ್‍ಯಾಮ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಕೆಲವು ಮಾದರಿ ಬಿಟ್ಟು ಎಂಟನೆಯ ಪೀಳಿಗೆಯದೋ ಅದರ ಮುಂದಿನದೋ ಆಗಿರಬೇಕು. ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕೂ ಮೊದಲು ನಮ್ಮ ಭಾಗದ ಶಾಲೆ, ಸಹಕಾರಿ ಸಂಘ, ಮನೆಗಳಿಗೆ ಬಂದ ಕಂಪ್ಯೂಟರುಗಳೆಲ್ಲ ಹೀಗೆ ಒಂದೇ ಏಟಿಗೆ ಹಳೆಯವಾಗಿಬಿಟ್ಟಿವೆ. ಅವು ಕೆಟ್ಟಿಲ್ಲ. ಕೀಲಿ ಒತ್ತಿದರೆ ಅಕ್ಷರ ಮೂಡುತ್ತದೆ, ಪರದೆ ಬೆಳಗುತ್ತದೆ. ಆದರೂ ಮೇಲೊಂದು ಬಟ್ಟೆ ಹೊದಿಸಿ ಮೂಲೆಗೆ ಸರಿಸುತ್ತೇವೆ. ಮೋಡಕಾದವರು ಓಣಿಗೆ ಬಂದಾಗ ಮುರಿದ ಕಬ್ಬಿಣದ ಜೊತೆ ಅವೂ ತೂಕಕ್ಕೆ ಹೋಗುತ್ತವೆ.

ಬರುವ ಬೇಸಿಗೆ ರಜೆ ಮುಗಿಯುವ ತನಕ ಅವನ್ನು ತೂಕಕ್ಕೆ ಹಾಕಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಇದೆ, ಅದಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಅದರ ಕರ್ನಲ್ಲನ್ನು ನಮ್ಮಲ್ಲಿರುವ ಯಂತ್ರಕ್ಕೆ ತಕ್ಕಂತೆ ನಾವೇ ಹೊಂದಿಸಿಕೊಳ್ಳಬಹುದು. ಈ ಕೆಲಸಕ್ಕೆ ಬೇಕಾದ ವಿದ್ಯೆ ಈಗಾಗಲೇ ನಮ್ಮೂರ ಮಕ್ಕಳ ತಲೆಯಲ್ಲಿದೆ.

ಕರ್ನಲ್ ಎಂದರೆ ಕಂಪ್ಯೂಟರಿನ ಯಂತ್ರಭಾಗಕ್ಕೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಮೆಮೊರಿ ಹಂಚುವ, ಡಿಸ್ಕ್ ಓದುವ, ಮೌಸು ಅಲುಗಿದ್ದನ್ನು ಗಮನಿಸುವ ಮೂಲ ತಂತ್ರಾಂಶ. ಲಿನಕ್ಸ್ ಕರ್ನಲ್ಲನ್ನು 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತನ್ನ ಮನೆಯ 386 ಕಂಪ್ಯೂಟರಿನ ಮೇಲೆ ಬರೆಯತೊಡಗಿದ. ಇಂದು ಅದು ಸುಮಾರು 4 ಕೋಟಿ ಸಾಲುಗಳಷ್ಟು ಬೆಳೆದಿದೆ. ಅದರಲ್ಲಿ ಹೆಚ್ಚಿನ ಪಾಲು ಜಗತ್ತಿನ ಥರಾವರಿ ಯಂತ್ರಭಾಗಗಳನ್ನು ನಡೆಸುವ ಡ್ರೈವರುಗಳು. ನಮ್ಮ ಯಂತ್ರಕ್ಕೆ ಬೇಕಾದದ್ದು ಅದರಲ್ಲಿ ಒಂದು ಬೊಗಸೆಯಷ್ಟು ಮಾತ್ರ. ಎರೆಹೊಲದಲ್ಲಿ ಎಲ್ಲ ಬಿತ್ತನೆಗೂ ನಾವು ಒಂದೇ ಕೂರಿಗೆ ಹೂಡುವುದಿಲ್ಲ; ಬೀಜ ಯಾವುದು, ಎತ್ತಿನ ಕಸುವು ಎಷ್ಟು ಎಂದು ನೋಡಿ ತಾಳುಗಳ ಲೆಕ್ಕ ಹಾಕುತ್ತೇವೆ. ಕರ್ನಲ್ ಹೊಂದಿಸುವುದೂ ಅಂಥದೇ ಲೆಕ್ಕಾಚಾರ. ಯಾವ ಪ್ರೊಸೆಸರ್, ಎಷ್ಟು ಮೆಮೊರಿ, ಯಾವ ಡಿಸ್ಕ್ ಎಂದು ನೋಡಿ ಬೇಕಾದ್ದನ್ನು ಇಟ್ಟು ಬೇಡದ್ದನ್ನು ಬಿಡುವುದು.

ಇದಕ್ಕೂ ಕಾಲದ ಮಿತಿ ಇದೆ, ಅದಕ್ಕೇ ನನಗೆ ಆತುರ. ತಾನು ಹುಟ್ಟಿದ 386 ಪ್ರೊಸೆಸರನ್ನೇ ಲಿನಕ್ಸ್ 2013ರಲ್ಲಿ 3.8ನೆಯ ಆವೃತ್ತಿಯೊಂದಿಗೆ ಕೈಬಿಟ್ಟಿತು. ಅನೇಕರು ನೆಚ್ಚಿಕೊಂಡ ಲಿನಕ್ಸ್ ವಿತರಣೆ ಡೆಬಿಯನ್, 2025ರ ಆಗಸ್ಟ್‌ನಲ್ಲಿ ಬಂದ ತನ್ನ 13ನೆಯ ಆವೃತ್ತಿಯಲ್ಲಿ 32 ಬಿಟ್ ಪರ್ಸನಲ್ ಕಂಪ್ಯೂಟರುಗಳಿಗೆ ಕರ್ನಲ್ಲನ್ನೂ ಇನ್‌ಸ್ಟಾಲರನ್ನೂ ಕೊಡುವುದನ್ನು ನಿಲ್ಲಿಸಿದೆ. ಅಂಥ ಯಂತ್ರಗಳಿಗೆ ಈಗ ಡೆಬಿಯನ್ 12 ಅಥವಾ ಅದರ ಮೇಲೆ ಕಟ್ಟಿದ ಆಂಟಿಎಕ್ಸ್‌ನಂಥ ಹಗುರ ವ್ಯವಸ್ಥೆಗಳೇ ಗತಿ. ಇವತ್ತು ತೆರೆದಿರುವ ಬಾಗಿಲು ಇನ್ನು ಕೆಲವೇ ವರ್ಷ ತೆರೆದಿರುತ್ತದೆ.

ಆದ್ದರಿಂದ ಮೊದಲ ಕೆಲಸ ವಿಂಗಡಣೆ. ಯಂತ್ರ 32 ಬಿಟ್ಟಿನದೋ 64 ಬಿಟ್ಟಿನದೋ ಎಂದು ಅದರಲ್ಲಿರುವ ವಿಂಡೋಸ್ ನೋಡಿ ತೀರ್ಮಾನಿಸಬೇಡಿ. 64 ಬಿಟ್ಟಿನ ಪ್ರೊಸೆಸರ್ ಮೇಲೆ 32 ಬಿಟ್ ವಿಂಡೋಸ್ 7 ಹಾಕಿಕೊಟ್ಟ ಕಂಪ್ಯೂಟರುಗಳು ಬೇಕಾದಷ್ಟಿವೆ. 2006ರ ಕೋರ್ 2 ಡ್ಯುಯೋ ಮತ್ತು ಆಮೇಲೆ ಬಂದ ಡೆಸ್ಕ್‌ಟಾಪ್ ಪ್ರೊಸೆಸರುಗಳು ಬಹುತೇಕ 64 ಬಿಟ್ಟಿನವು. ಅವು ಇಂದಿನ ಡೆಬಿಯನ್ 13ನ್ನೇ ನಡೆಸಬಲ್ಲವು. 2008ರ ಸುಮಾರಿಗೆ ಬಂದ ಚಿಕ್ಕ ನೆಟ್‌ಬುಕ್‌ಗಳ ಆಟಮ್ ಎನ್270 ಮಾತ್ರ 32 ಬಿಟ್ಟಿನದು. ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್‌ನಲ್ಲಿ ಯಂತ್ರ ಶುರುಮಾಡಿ 'ಎಲ್‌ಎಸ್‌ಸಿಪಿಯು' ಎಂಬ ಆಜ್ಞೆ ಕೊಟ್ಟರೆ ಅದೇ ಹೇಳುತ್ತದೆ. ಆಗ ಡಿಸ್ಕಿನಲ್ಲಿರುವ ಯಾವುದಕ್ಕೂ ಧಕ್ಕೆ ಬರುವುದಿಲ್ಲ.

ಇನ್ನು ಎಂಜಿನಿಯರಿಂಗ್ ಓದುವ ತಮ್ಮ-ತಂಗಿಯರಿಗೆ ಹೇಳಬೇಕಾದ ಮಾತು, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಶಾಲೆಯ ಲ್ಯಾಬಿಗೆ ಯಂತ್ರಗಳು ಬರುವುದು ಸಾಮಾನ್ಯವಾಗಿ ಒಂದೇ ಮಾದರಿಯವು, ಒಂದೇ ಖರೀದಿಯವು. ಇದು ನಮ್ಮ ದೊಡ್ಡ ಅನುಕೂಲ. ಒಂದು ಯಂತ್ರಕ್ಕೆ ಕರ್ನಲ್ ಹೊಂದಿಸಿದರೆ ಅದೇ ಪ್ಯಾಕೇಜನ್ನು ಉಳಿದವಕ್ಕೆಲ್ಲ ಹಾಕಬಹುದು. ಪಕ್ಕದ ಊರಿನ ಶಾಲೆಗೂ ಅದೇ ಮಾದರಿ ಬಂದಿದ್ದರೆ ಅಲ್ಲಿಗೂ ಕೊಡಬಹುದು. ಹಳೆಯ ಯಂತ್ರದಲ್ಲೇ ಕಂಪೈಲ್ ಮಾಡುತ್ತ ಗಂಟೆಗಟ್ಟಲೆ ಕಾಯುವುದೂ ಬೇಕಿಲ್ಲ. ಅಲ್ಲಿ 'ಎಲ್‌ಎಸ್‌ಮಾಡ್' ಆಜ್ಞೆ ಕೊಟ್ಟು ಬಳಕೆಯಲ್ಲಿರುವ ಡ್ರೈವರುಗಳ ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿ, ಅದರ ಜೊತೆಗೆ ಬೂಟ್ ಫೋಲ್ಡರಿನಲ್ಲಿರುವ ಕಾನ್ಫಿಗ್ ಫೈಲನ್ನೂ ನಕಲು ಮಾಡಿಕೊಂಡು ಹಾಸ್ಟೆಲಿನ ನಿಮ್ಮ ಲ್ಯಾಪ್‌ಟಾಪಿಗೆ ಒಯ್ಯಿರಿ. 2009ರಿಂದ ಕರ್ನಲ್ಲಿನೊಳಗೇ ಇರುವ 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಎಂಬ ಸಾಧನಕ್ಕೆ ಆ ಪಟ್ಟಿ ಕೊಟ್ಟರೆ, ಸಾವಿರಾರು ಡ್ರೈವರುಗಳ ರಾಶಿಯಿಂದ ಆ ಯಂತ್ರಕ್ಕೆ ಬೇಕಾದವನ್ನು ಮಾತ್ರ ಉಳಿಸುತ್ತದೆ. ಅಲ್ಲಿಂದ ಡೆಬ್ ಪ್ಯಾಕೇಜ್ ಕಟ್ಟುವುದು ನಿಮಗೆ ಗೊತ್ತಿರುವ ಕೆಲಸ.

ಆದರೆ ಎಚ್ಚರವಿರಲಿ. ಪಟ್ಟಿ ತೆಗೆಯುವ ಹೊತ್ತಿಗೆ ಓಡುತ್ತಿಲ್ಲದ ಡ್ರೈವರನ್ನು ಈ ಸಾಧನ ಬೇಡದ್ದೆಂದು ತಿಳಿದು ಬಿಟ್ಟುಬಿಡುತ್ತದೆ. ಹಾಗಾಗಿ ಪಟ್ಟಿಗೆ ಮೊದಲು ಪ್ರಿಂಟರ್ ಚುಚ್ಚಿ, ಪೆನ್‌ಡ್ರೈವ್ ತೆರೆಯಿರಿ, ಪ್ರೊಜೆಕ್ಟರ್ ಜೋಡಿಸಿ, ಧ್ವನಿ ಕೇಳಿಸಿ, ಮೊಬೈಲಿನಿಂದ ಯುಎಸ್‌ಬಿ ಮೂಲಕ ಇಂಟರ್‌ನೆಟ್ ಕೊಡುವ ರೂಢಿಯಿದ್ದರೆ ಅದನ್ನೂ ಒಮ್ಮೆ ಮಾಡಿ. ಡಿಸ್ಕ್ ನಿಯಂತ್ರಕದ ಡ್ರೈವರ್ ಮತ್ತು ಇಎಕ್ಸ್‌ಟಿ4 ಕಡತ ವ್ಯವಸ್ಥೆಯನ್ನು ಕರ್ನಲ್ಲಿನೊಳಗೇ ಸೇರಿಸಿ. ಅವೆರಡು ಸಿಗದೆ ಹೋದರೆ ಯಂತ್ರ ತನ್ನದೇ ಡಿಸ್ಕನ್ನು ಓದಲಾರದೆ ಅರ್ಧದಾರಿಯಲ್ಲಿ ನಿಂತುಬಿಡುತ್ತದೆ. 32 ಬಿಟ್ ಯಂತ್ರವಾದರೆ ಪ್ರೊಸೆಸರ್ ಕುಟುಂಬವನ್ನು ಸರಿಯಾಗಿ ಆರಿಸಿ. ಪಿಎಇ ಸೌಲಭ್ಯ ತೋರಿಸದ ಹಳೆಯ ಪೆಂಟಿಯಮ್ ಎಂ ಲ್ಯಾಪ್‌ಟಾಪುಗಳಿಗೆಂದೇ ಡೆಬಿಯನ್ ಎರಡು ಬಗೆಯ 32 ಬಿಟ್ ಕರ್ನಲ್ ಇಟ್ಟುಕೊಂಡಿತ್ತು. ರ್‍ಯಾಮ್ 1 ಜಿಬಿ, 2 ಜಿಬಿ ಇದ್ದಲ್ಲಿ ಜಡ್‌ರ್‍ಯಾಮ್ ಆಯ್ಕೆಯನ್ನು ಮರೆಯಬೇಡಿ. ಅದು ಮೆಮೊರಿಯ ಒಂದು ಭಾಗವನ್ನು ಒತ್ತಿ ಕಿರಿದು ಮಾಡಿ ಇಡುವುದರಿಂದ ನಿಧಾನದ ಹಾರ್ಡ್‌ಡಿಸ್ಕಿಗೆ ಪದೇ ಪದೇ ಹೋಗುವುದು ತಪ್ಪುತ್ತದೆ. ಹಳೆಯ ಕರ್ನಲ್ಲನ್ನು ಮಾತ್ರ ಅಳಿಸಲೇಬೇಡಿ. ಯಂತ್ರ ಶುರುವಾಗುವಾಗ ಕಾಣುವ ಗ್ರಬ್ ಪಟ್ಟಿಯಲ್ಲಿ ಅದೂ ಇದ್ದರೆ, ಹೊಸದು ಕೈಕೊಟ್ಟ ದಿನ ನೀವು ಊರಲ್ಲಿಲ್ಲದಿದ್ದರೂ ಗುರುಗಳು ಅದನ್ನೇ ಆರಿಸಿ ಪಾಠ ಮುಂದುವರಿಸಬಹುದು.

ವೇಗದ ಆಸೆಗೆ ಭದ್ರತೆಯನ್ನು ತೆಗೆದುಹಾಕಿ ಎಂಬ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳಿಗೆ ಕರ್ನಲ್ಲಿನಲ್ಲಿ ಹಾಕಿದ ತಡೆಗಳನ್ನು ಒಂದೇ ಸೂಚನೆಯಲ್ಲಿ ಕಳಚಬಹುದು, ಯಂತ್ರ ತುಸು ಚುರುಕಾದೀತು. ನಾನು ಇದನ್ನು ಒಪ್ಪುವುದಿಲ್ಲ. ಬ್ಯಾಂಕಿನ ಪಾಸ್‌ವರ್ಡ್, ವಿದ್ಯಾರ್ಥಿವೇತನದ ಅರ್ಜಿ, ಆಧಾರ್ ಸಂಖ್ಯೆ ಇಂಥ ಯಂತ್ರಗಳಲ್ಲೇ ಒತ್ತುವವರು ನಮ್ಮ ಜನ. ದೀರ್ಘಾವಧಿ ಬೆಂಬಲವಿರುವ 6.1 ಅಥವಾ 6.12 ಸಾಲಿನ ಕರ್ನಲ್ಲನ್ನೇ ಆರಿಸಿ; ಹಳೆಯ ಯಂತ್ರಕ್ಕೆ ಹಳೆಯ ಕರ್ನಲ್ಲೇ ಸರಿ ಎಂಬ ಮಾತನ್ನು ನಂಬಬೇಡಿ.

ಊರಿನವರಿಗೆ ಸುಳ್ಳು ಭರವಸೆ ಕೊಡಲಾರೆ. ಕರ್ನಲ್ ಹಗುರಾದ ಮಾತ್ರಕ್ಕೆ ಹಳೆಯ ಕಂಪ್ಯೂಟರ್ ಹೊಸದಾಗುವುದಿಲ್ಲ. ಇಂದು ಮೆಮೊರಿಯನ್ನು ನುಂಗುವುದು ಬ್ರೌಸರ್, ಅದರೊಳಗಿನ ವಿಡಿಯೋ. ಅದಕ್ಕೆ ಮದ್ದು ಇನ್ನೊಂದು ರ್‍ಯಾಮ್ ಪಟ್ಟಿ, ಸಾಧ್ಯವಾದರೆ ಒಂದು ಎಸ್‌ಎಸ್‌ಡಿ. ಮದರ್‌ಬೋರ್ಡಿನ ಸಿಆರ್2032 ಗುಂಡಿ ಬ್ಯಾಟರಿ ಸತ್ತಿದ್ದರೆ ಅದನ್ನೂ ಬದಲಿಸಿ. ಆ ಚಿಕ್ಕ ಬ್ಯಾಟರಿ ಇಲ್ಲದೆ ಯಂತ್ರದ ತಾರೀಖು ಹಿಂದಕ್ಕೆ ಹೋಗಿ, ಸುರಕ್ಷಿತ ವೆಬ್‌ಸೈಟುಗಳು ತೆರೆಯದೆ, ಕಂಪ್ಯೂಟರೇ ಕೆಟ್ಟಿತೆಂದು ಜನ ತಿಳಿಯುತ್ತಾರೆ. ಎರೆಮಣ್ಣಿನ ಧೂಳು ಫ್ಯಾನಿಗೆ ಮೆತ್ತಿ ಬಿಸಿಯಾಗುವುದು ನಮ್ಮ ಕಡೆಯ ನಿತ್ಯದ ರೋಗ, ಅದಕ್ಕೆ ಒಂದು ಕುಂಚ ಸಾಕು.

ಇಷ್ಟು ಮಾಡಿದ ಯಂತ್ರದಲ್ಲಿ ಲಿಬ್ರೆಆಫೀಸಿನಲ್ಲಿ ಕನ್ನಡ ಪತ್ರ ಬರೆಯಬಹುದು, ಸ್ತ್ರೀಶಕ್ತಿ ಸಂಘದ ಲೆಕ್ಕ ಇಡಬಹುದು, ಮಕ್ಕಳು ಟಕ್ಸ್ ಪೇಂಟಿನಲ್ಲಿ ಚಿತ್ರ ಬಿಡಿಸಿ ಜಿಯೋಜೀಬ್ರಾದಲ್ಲಿ ರೇಖಾಗಣಿತ ಕಲಿಯಬಹುದು. ಕಿವಿಕ್ಸ್ ಹಾಕಿದರೆ ಕನ್ನಡ ವಿಕಿಪೀಡಿಯ ಇಂಟರ್‌ನೆಟ್ ಇಲ್ಲದೆಯೂ ತೆರೆಯುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯದಂಥ ಜಾಗಕ್ಕೆ ಇದೊಂದೇ ಸಾಕೆನ್ನುವಷ್ಟು ದೊಡ್ಡ ಸಂಪತ್ತು. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಅದೇ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲೂ ಸಿಗುತ್ತದೆ.

ಇದೆಲ್ಲ ಎಲ್ಲೋ ದೂರದವರ ಸಾಹಸ ಎಂದುಕೊಳ್ಳಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ಇಪ್ಪತ್ತೈದು ವರ್ಷದ ಹಿಂದೆಯೇ ಸಿಂಪ್ಯೂಟರ್ ಎಂಬ ಕೈಗಣಕ ರೂಪಿಸಿದ್ದರು. 206 ಮೆಗಾಹರ್ಟ್ಸ್ ಪ್ರೊಸೆಸರ್, 32 ಎಂಬಿ ಮೆಮೊರಿಯ ಆ ಯಂತ್ರ ಓಡಿದ್ದು ಲಿನಕ್ಸ್ ಮೇಲೆ. ಮಾರುಕಟ್ಟೆಯಲ್ಲಿ ಅದು ನೆಲೆಯೂರಲಿಲ್ಲ, ನಿಜ. ಆದರೆ ಇದ್ದಷ್ಟರಲ್ಲಿ ಹೊಂದಿಸುವ ಕೈಚಳಕ ನಮ್ಮ ನಾಡಿನಲ್ಲೇ ಇತ್ತು. ಇಂದು ನಾವು ಮೂಲೆಗೆ ಹಾಕುವ 1 ಜಿಬಿ ಯಂತ್ರದಲ್ಲಿ ಅದರ 32 ಪಟ್ಟು ಮೆಮೊರಿ ಇದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಂತೂ ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಮೊದಲು ಐಟಿ ಅಟ್ ಸ್ಕೂಲ್ ಎಂಬ ಯೋಜನೆ, 2017ರಿಂದ ಕೈಟ್ ಎಂಬ ಸಂಸ್ಥೆ ಅದಕ್ಕೆ ಹೆಗಲು ಕೊಟ್ಟಿವೆ, ಅಲ್ಲಿನ ಶಿಕ್ಷಕರೇ ತರಬೇತಿ ಪಡೆದು ಲ್ಯಾಬುಗಳನ್ನು ನೋಡಿಕೊಳ್ಳುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದರಲ್ಲೇ ಕನ್ನಡದ ಪಠ್ಯ ಹಿಡಿದು ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅವರಿಗೆ ಆಗುವುದು ನವಲಗುಂದ, ಅಣ್ಣಿಗೇರಿ ಸೀಮೆಯ ಮಕ್ಕಳಿಗೆ ಏಕೆ ಆಗಬಾರದು?

ಕೈಹಾಕುವ ಮೊದಲು ಕೆಲವು ವಿಚಾರ. ಶಾಲೆಯ ಕಂಪ್ಯೂಟರುಗಳು ಸ್ಟಾಕ್ ರಜಿಸ್ಟರಿನಲ್ಲಿರುವ ಸರ್ಕಾರದ ಸ್ವತ್ತು. ಮುಖ್ಯೋಪಾಧ್ಯಾಯರ ಒಪ್ಪಿಗೆ, ಎಸ್‌ಡಿಎಂಸಿಯ ಠರಾವು ಇಲ್ಲದೆ ಯಾರೂ ಸ್ಕ್ರೂ ಬಿಚ್ಚುವುದು ಬೇಡ. ಡಿಸ್ಕ್ ಅಳಿಸುವ ಮುನ್ನ ಅಂಕಪಟ್ಟಿ, ಸಂಘದ ಠರಾವು, ಫೋಟೋಗಳನ್ನೆಲ್ಲ ಎರಡು ಕಡೆ ನಕಲಿಸಿ. ನುಡಿಯ ಹಳೆಯ ಫಾಂಟಿನಲ್ಲಿರುವ ಬರಹಗಳನ್ನು ಆಗಲೇ ಯೂನಿಕೋಡಿಗೆ ಬದಲಿಸಿಕೊಳ್ಳಿ, ಆಮೇಲೆ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಬೆರಳಚ್ಚು ಯಂತ್ರ ಅಥವಾ ಡಿಜಿಟಲ್ ಸಹಿಯ ಟೋಕನ್ ಜೋಡಿಸಿ ಸೇವಾ ಕೇಂದ್ರಗಳಲ್ಲಿ ದಿನವೂ ಬಳಸುತ್ತಿರುವ ಕಂಪ್ಯೂಟರುಗಳ ತಂಟೆಗೆ ಹೋಗಬೇಡಿ. ಅವುಗಳ ತಂತ್ರಾಂಶ ಹೆಚ್ಚಾಗಿ ವಿಂಡೋಸನ್ನೇ ಬೇಡುತ್ತದೆ, ಜನರ ಕೆಲಸ ನಿಲ್ಲಬಾರದು.

ಎಲ್ಲವನ್ನೂ ಉಳಿಸಲಾಗದು. ಕೆಪಾಸಿಟರ್ ಉಬ್ಬಿದ ಮದರ್‌ಬೋರ್ಡು, ಕರೆಂಟು ಕುಡಿಯುವ ಪೆಂಟಿಯಮ್ 4, ಸೀಸದ ಗಾಜಿನ ದಪ್ಪ ಮಾನಿಟರುಗಳನ್ನು ಬಿಟ್ಟುಕೊಡಬೇಕು. ಆದರೆ ಅವನ್ನು ಹಿತ್ತಲಲ್ಲಿ ಒಡೆಯಬೇಡಿ, ತಾಮ್ರದ ಆಸೆಗೆ ತಂತಿ ಸುಡಬೇಡಿ. ಆ ಹೊಗೆ ಕುಡಿಯುವವರು ನಮ್ಮ ಮಕ್ಕಳೇ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಅಂಥವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು. ನಾಲ್ಕಾರು ಊರಿನದು ಒಟ್ಟುಗೂಡಿಸಿದರೆ ಒಂದು ಗಾಡಿ ಬಾಡಿಗೆ ಹಂಚಿಕೊಳ್ಳಬಹುದು.

ಮನೆಯಲ್ಲಿ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇರುವವರು ಅದರ ಚಾರ್ಜರನ್ನು ಹುಡುಕಿಡಿ. ಚಾರ್ಜರಿಲ್ಲದೆ ಬಂದ ಲ್ಯಾಪ್‌ಟಾಪನ್ನು ಪರೀಕ್ಷಿಸಲೂ ಆಗದು. ಗುರುಗಳು ಪರೀಕ್ಷೆ ಮುಗಿದ ಮೇಲೆ ಲ್ಯಾಬಿನ ಯಂತ್ರಗಳ ಮಾದರಿ, ರ್‍ಯಾಮ್, ಡಿಸ್ಕ್ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿ. ತಮ್ಮ-ತಂಗಿಯರೆ, ನೀವು ರಜೆಗೆ ಬರುವಾಗ ಒಂದು ಪೆನ್‌ಡ್ರೈವಿನಲ್ಲಿ ಡೆಬಿಯನ್ 13, ಇನ್ನೊಂದರಲ್ಲಿ 32 ಬಿಟ್ಟಿನ ಆಂಟಿಎಕ್ಸ್ ತುಂಬಿಕೊಂಡು ಬನ್ನಿ, ಊರಲ್ಲಿ ಡೌನ್‌ಲೋಡಿಗೆ ಕಾಯುವುದು ತಪ್ಪುತ್ತದೆ. ಹೊಂದಿಸಿದ ಕರ್ನಲ್ಲನ್ನು ಮೊದಲು ಒಂದೇ ಯಂತ್ರಕ್ಕೆ ಹಾಕಿ, ಒಂದು ವಾರ ಮಕ್ಕಳ ಕೈಗೆ ಕೊಟ್ಟು ನೋಡಿ. ಪ್ರಿಂಟ್ ಬರುತ್ತಿದೆ, ಧ್ವನಿ ಕೇಳುತ್ತಿದೆ, ಕನ್ನಡ ಮೂಡುತ್ತಿದೆ ಎಂದು ಗುರುಗಳು ಹೇಳಿದ ಮೇಲೆ ಉಳಿದವಕ್ಕೆ ಹಾಕಿ, ಕಾನ್ಫಿಗ್ ಫೈಲಿನ ಒಂದು ಪ್ರತಿಯನ್ನು ಶಾಲೆಯ ಕಪಾಟಿನಲ್ಲಿ ಮಾದರಿಯ ಹೆಸರು ಬರೆದು ಇಟ್ಟುಹೋಗಿ.