ಮಾತು ಕೇಳುವುದು ಎಂದರೆ

ಪದವಿ ಮುಗಿಸಿ ಎರಡು ವರ್ಷವಾದರೂ ಕೆಲಸ ಸಿಗದ ಹುಡುಗ ಮನೆಯಲ್ಲಿದ್ದರೆ ಆ ಮನೆಯಲ್ಲಿ ಪ್ರಾರ್ಥನೆ ತುಸು ಹೆಚ್ಚೇ ನಡೆಯುತ್ತದೆ. ಧಾರವಾಡದ ನಮ್ಮ ಮನೆಯಲ್ಲೂ ಹಾಗೇ ಆಗಿತ್ತು. ಬಿ.ಕಾಂ. ಮುಗಿಸಿದ್ದೆ. ಬ್ಯಾಂಕ್ ಪರೀಕ್ಷೆ, ಎಫ್‌ಡಿಎ ಎಂದು ಓದುತ್ತಿದ್ದೆ. ನಡುನಡುವೆ ಖಾಸಗಿ ಕಂಪನಿಗಳಿಗೆ ಅರ್ಜಿ ಹಾಕುತ್ತಿದ್ದೆ. ಎಲ್ಲ ಕಡೆಯೂ ‘ಅನುಭವ ಇದೆಯೇ?’ ಎಂಬ ಒಂದೇ ಪ್ರಶ್ನೆ. ಭಾನುವಾರ ಆರಾಧನೆ ಮುಗಿದು ಚರ್ಚಿನ ಅಂಗಳಕ್ಕೆ ಬಂದರೆ ಹಿರಿಯರು ಒಬ್ಬರಾದ ಮೇಲೊಬ್ಬರು ‘ಏನಪಾ, ಎಲ್ಲ್ಯರ ಕೆಲಸ ಸಿಕ್ತೇನು?’ ಎಂದು ಕೇಳುತ್ತಿದ್ದರು. ‘ದೇವರ ಚಿತ್ತ ಏನೈತೋ ನೋಡೋಣ್ರಿ’ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಕೆಲಸವಿಲ್ಲದ ಕ್ರೈಸ್ತ ಹುಡುಗನಿಗೆ ಅಷ್ಟು ಅನುಕೂಲದ ಉತ್ತರ ಇನ್ನೊಂದಿಲ್ಲ.

ಆಗ ಬೆಂಗಳೂರಿನಿಂದ ಗೆಳೆಯನ ಫೋನ್ ಬಂತು. ಅಲ್ಲೊಬ್ಬರು ಮೂವತ್ತು ಸಾವಿರ ರೂಪಾಯಿಗೆ ಎರಡು ವರ್ಷದ ಅನುಭವ ಪತ್ರ, ಸಂಬಳದ ಚೀಟಿ ಎಲ್ಲ ಮಾಡಿಕೊಡುತ್ತಾರಂತೆ. ವಿಚಾರಿಸಲು ಯಾರಾದರೂ ಫೋನ್ ಮಾಡಿದರೆ ಅವರೇ ಎತ್ತಿ, ‘ಹೌದು, ನಮ್ಮಲ್ಲೇ ಇದ್ದ’ ಎನ್ನುತ್ತಾರಂತೆ. ‘ಎಲ್ಲಾರೂ ಹಾಕ್ತಾರಲೇ, ಏನೂ ಆಗಂಗಿಲ್ಲ’ ಎಂದ. ತರಬೇತಿಯ ಶುಲ್ಕ ಎಂದು ಅವ್ವನಿಗೆ ಹೇಳಿದೆ. ಅವ್ವ ಮರುಮಾತಾಡದೆ ಕೈಯ ಬಳೆ ಮುಟ್ಟಿ ನೋಡಿಕೊಂಡು, ‘ಅಡಾ ಇಟ್ಟು ಕೊಡ್ತೇನಿ, ಚಿಂತಿ ಮಾಡಬ್ಯಾಡ’ ಎಂದಳು. ಸುಳ್ಳು ಪತ್ರ ಕೈಗೆ ಬರುವ ಮೊದಲೇ ಒಂದು ಸುಳ್ಳು ಮನೆಯೊಳಗೆ ಬಂದಾಗಿತ್ತು.

ಆ ವಾರ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಒಂದು ದಿನ ಉಪವಾಸ ಮಾಡಿದೆ. ‘ಕರ್ತನೇ, ಇದು ನಿನ್ನ ದಾರಿಯಾದರೆ ಒಂದು ಗುರುತು ಕೊಡು’ ಎಂದು ಮೊಣಕಾಲೂರಿ ಬೇಡಿದೆ. ಸುಳ್ಳು ಹೇಳಬಹುದೇ ಎಂದು ದೇವರನ್ನೇ ಕೇಳುತ್ತಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ. ಉತ್ತರ ಸಾವಿರಾರು ವರ್ಷಗಳ ಹಿಂದೆಯೇ ಹತ್ತು ಆಜ್ಞೆಗಳಲ್ಲಿ ಸಿಕ್ಕಿತ್ತು. ಹೌದು ಎಂದರೆ ಹೌದಾಗಿರಲಿ, ಇಲ್ಲ ಎಂದರೆ ಇಲ್ಲವಾಗಿರಲಿ ಎಂಬ ಅರ್ಥದ ಮಾತನ್ನು ಬೆಟ್ಟದ ಮೇಲಿನ ಪ್ರಸಂಗದಲ್ಲಿ ಯೇಸು ಹೇಳಿದ್ದು ನನಗೆ ಸಂಡೇ ಸ್ಕೂಲಿನಿಂದಲೂ ಗೊತ್ತು. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಬಸವಣ್ಣನವರ ವಚನದ ‘ಬೇಡ’ಗಳ ಸಾಲಿನಲ್ಲೂ ಹುಸಿ ಮೂರನೆಯದು. ಗೊತ್ತಿಲ್ಲ ಎನ್ನಲು ನನಗೆ ಯಾವ ಕಡೆಯಿಂದಲೂ ದಾರಿ ಇರಲಿಲ್ಲ.

ಕಣ್ಣು ತೆರೆಸಿದ್ದು ಒಬ್ಬ ಪುಟ್ಟ ಹುಡುಗಿ. ನಾನು ಸಂಡೇ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ. ಆ ಭಾನುವಾರದ ಪಾಠ ನಾಮಾನನದು. ಅರಸುಗಳು ಎರಡನೆಯ ಪುಸ್ತಕದ ಐದನೇ ಅಧ್ಯಾಯದಲ್ಲಿ ಬರುವ ಕಥೆ. ನಾಮಾನ ಅರಾಮ್ ದೇಶದ ಸೇನಾಪತಿ, ಕುಷ್ಠರೋಗಿ. ಬೆಳ್ಳಿ, ಬಂಗಾರ, ಬಟ್ಟೆಗಳನ್ನು ಹೇರಿಕೊಂಡು ಪ್ರವಾದಿ ಎಲೀಷನ ಬಾಗಿಲಿಗೆ ಬರುತ್ತಾನೆ. ಎಲೀಷ ಹೊರಗೂ ಬರುವುದಿಲ್ಲ. ಯೊರ್ದನ್ ನದಿಯಲ್ಲಿ ಏಳು ಸಲ ಮುಳುಗಿ ಏಳು ಎಂದು ಆಳಿನ ಕೈಲಿ ಹೇಳಿ ಕಳಿಸುತ್ತಾನೆ. ನಾಮಾನನಿಗೆ ಎಲ್ಲಿಲ್ಲದ ಸಿಟ್ಟು. ನಮ್ಮ ದಮಸ್ಕದ ನದಿಗಳೇನು ಇದಕ್ಕಿಂತ ಕಡಿಮೆಯೇ ಎಂದು ಹೊರಟೇಬಿಡುತ್ತಾನೆ. ಇಷ್ಟು ಹೇಳುವಷ್ಟರಲ್ಲಿ ಆ ಹುಡುಗಿ ಕೇಳಿದಳು: ‘ಅಣ್ಣಾ, ಬರೇ ಜಳಕಾ ಮಾಡು ಅಂದ್ರ ಅಂವಗ ಯಾಕ ಸಿಟ್ಟು ಬಂತು?’

‘ಅದು ಭಾಳ ಸಣ್ಣ ಮಾತಾತು, ಅದಕ್ಕ’ ಎಂದೆ. ಹೇಳಿದ ಮೇಲೆ ನನ್ನ ಮಾತೇ ನನಗೆ ತಿರುಗಿ ಬಂತು. ನಾಮಾನನ ಸೇವಕರೂ ಅದನ್ನೇ ಹೇಳುತ್ತಾರೆ. ಪ್ರವಾದಿ ದೊಡ್ಡದೇನನ್ನಾದರೂ ಹೇಳಿದ್ದರೆ ನೀವು ಮಾಡುತ್ತಿರಲಿಲ್ಲವೇ, ಇಷ್ಟು ಸುಲಭದ್ದನ್ನು ಯಾಕೆ ಮಾಡಬಾರದು ಎನ್ನುತ್ತಾರೆ. ಅವನು ಹೋಗಿ ಮುಳುಗುತ್ತಾನೆ, ಗುಣವಾಗುತ್ತಾನೆ. ಅದೇ ಅಧ್ಯಾಯದ ಕೊನೆಯಲ್ಲಿ ಇನ್ನೊಬ್ಬನಿದ್ದಾನೆ, ಎಲೀಷನ ಸೇವಕ ಗೇಹಜಿ. ಪ್ರವಾದಿಯ ಜೊತೆಗೇ ಇದ್ದವನು ನಾಮಾನನ ಹಿಂದೆ ಓಡಿ, ಬಾರದ ಅತಿಥಿಗಳು ಬಂದಿದ್ದಾರೆಂದು ಸುಳ್ಳು ಹೇಳಿ ಬೆಳ್ಳಿ ಪಡೆಯುತ್ತಾನೆ. ಹೊರಗಿನಿಂದ ಬಂದವನು ಮಾತು ಕೇಳಿದ, ಒಳಗಿದ್ದವನು ಕೇಳಲಿಲ್ಲ. ಮಾಡದ ಕೆಲಸಕ್ಕೆ ಪತ್ರ ಕೊಳ್ಳಲು ಹೊರಟ ಸಂಡೇ ಸ್ಕೂಲ್ ಮೇಷ್ಟ್ರು ಇವರಿಬ್ಬರಲ್ಲಿ ಯಾರ ಕಡೆ ಎಂದು ಬಿಡಿಸಿ ಹೇಳಬೇಕಿಲ್ಲ.

ಅಂದು ಸಂಜೆ ಗೆಳೆಯನಿಗೆ ಬೇಡ ಎಂದೆ. ಅವ್ವನಿಗೆ ನಿಜ ಹೇಳಿದೆ. ಅವಳು ಬೈಯಲಿಲ್ಲ. ಎರಡು ದಿನ ಸರಿಯಾಗಿ ಮಾತಾಡಲಿಲ್ಲ, ಅಷ್ಟೆ. ಇಲ್ಲಿಗೆ ಕಥೆ ಮುಗಿದು ಮರುವಾರವೇ ನನಗೆ ಒಳ್ಳೆಯ ನೌಕರಿ ಸಿಕ್ಕಿತು ಎಂದು ಬರೆದರೆ ಸಾಕ್ಷಿ ಹೇಳುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಹಾಗಾಗಲಿಲ್ಲ. ಅದೇ ಪತ್ರ ಕೊಂಡ ಇನ್ನೊಬ್ಬ ಹುಡುಗನಿಗೆ ಕೆಲಸ ಸಿಕ್ಕಿತು, ಇವತ್ತಿಗೂ ಇದೆ. ನಾನು ಮತ್ತೆ ಏಳು ತಿಂಗಳು ಖಾಲಿ ಕೂತೆ. ಮಾತು ಕೇಳಿದರೆ ಲಾಭ ಎಂಬ ಲೆಕ್ಕದಲ್ಲಿ ಕೇಳಿದ್ದರೆ ನನಗೆ ನಷ್ಟವೇ.

ಲಾಭದ ಬದಲು ನನಗೆ ಬಂದದ್ದು ಜಂಬ. ಮೂವತ್ತು ಸಾವಿರದ ಸುಳ್ಳನ್ನು ಬಿಟ್ಟವನು ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ. ಅದು ಇಳಿದದ್ದು ಪ್ರಭುಭೋಜನದ ಹಿಂದಿನ ರಾತ್ರಿ. ನನಗೆ ಹೆಮ್ಮೆ ತಂದ ಆ ವಾಕ್ಯವನ್ನು ಮತ್ತೊಮ್ಮೆ ಓದೋಣವೆಂದು ಮತ್ತಾಯನ ಐದನೇ ಅಧ್ಯಾಯ ತೆರೆದೆ. ಅದು 37ನೇ ವಾಕ್ಯ. ಕಣ್ಣು 24ರ ಮೇಲೆ ಬಿತ್ತು. ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು ಎಂಬ ಅಪ್ಪಣೆ.

ನನಗೊಬ್ಬ ಅಣ್ಣನಿದ್ದಾನೆ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಕೆಲಸ. ‘ಎಷ್ಟ ದಿನ ಅವ್ವನ ಕೂಳ ತಿಂತಿ?’ ಎಂದು ಅವನು ಒಮ್ಮೆ ಅಂದದ್ದಕ್ಕೆ ನಾನೂ ಆಡಬಾರದ್ದನ್ನು ಆಡಿ ಮಾತು ಬಿಟ್ಟಿದ್ದೆ. ಎಂಟು ತಿಂಗಳಾಗಿತ್ತು. ಕೆಲಸಕ್ಕಾಗಿ ಉಪವಾಸ ಮಾಡುತ್ತಿದ್ದೆ, ಗುರುತು ಕೇಳುತ್ತಿದ್ದೆ. ಇಪ್ಪತ್ತು ಕಿಲೋಮೀಟರ್ ದೂರದ ಅಣ್ಣನ ಹತ್ತಿರ ಹೋಗು ಎಂಬ ಸ್ಪಷ್ಟ ಮಾತನ್ನು ಮಾತ್ರ ದಾಟಿಕೊಂಡೇ ಓದುತ್ತಿದ್ದೆ. ಸುಳ್ಳು ಪತ್ರ ಬಿಟ್ಟದ್ದಕ್ಕೆ ನಾಲ್ಕು ಜನ ಶಹಬ್ಬಾಸ್ ಎನ್ನಬಹುದು. ಅಣ್ಣನ ಮುಂದೆ ತಲೆ ತಗ್ಗಿಸಿದರೆ ಯಾರೂ ಏನೂ ಅನ್ನುವುದಿಲ್ಲ. ಅದಕ್ಕೇ ಅದು ನನಗೆ ಯೊರ್ದನ್ ನದಿಯಾಗಿತ್ತು.

ಮರುದಿನ ಬೆಳಿಗ್ಗೆ ಚರ್ಚಿಗೆ ಹೋಗದೆ ಚಿಗರಿ ಬಸ್ ಹತ್ತಿದೆ. ಬಾಗಿಲು ತೆಗೆದ ಅಣ್ಣ ಒಂದು ಗಳಿಗೆ ನೋಡಿ, ‘ನಾಷ್ಟಾ ಆತೇನು?’ ಎಂದ. ನಾನು ಕ್ಷಮೆ ಕೇಳಿದೆ. ಅವನು ‘ಇರಲಿ ತಗೋ’ ಎಂದು ಒಳಗೆ ಕರೆದ. ಉಪ್ಪಿಟ್ಟು ತಿನ್ನುವಾಗ, ‘ಕೆಲಸದ್ದು ಏನಾತು?’ ಎಂದು ಮತ್ತೆ ಅದನ್ನೇ ಕೇಳಿದ. ನೋವಾಯಿತು. ಆದರೆ ಈ ಸಲ ಎದ್ದು ಬರಲಿಲ್ಲ.

ಕನ್ನಡದಲ್ಲಿ ‘ಮಾತು ಕೇಳು’ ಎಂದರೆ ಕಿವಿಯಿಂದ ಕೇಳುವುದೂ ಹೌದು, ಅದರಂತೆ ನಡೆಯುವುದೂ ಹೌದು. ‘ಅಂವ ಅವ್ವನ ಮಾತು ಕೇಳೂದಿಲ್ಲ’ ಎಂದರೆ ಕಿವುಡ ಎಂದು ಯಾರೂ ತಿಳಿಯುವುದಿಲ್ಲ. ನಾನು ದೇವರ ವಿಷಯದಲ್ಲಿ ಈ ಎರಡನ್ನೂ ಬೇರೆ ಮಾಡಿಕೊಂಡಿದ್ದೆ. ಪ್ರತಿ ಭಾನುವಾರ ಕೇಳುತ್ತಿದ್ದೆ, ಕೇಳುತ್ತಿರಲಿಲ್ಲ.

ಈಗ ಒಂದು ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸಂಬಳ ಕಡಿಮೆ. ರಾತ್ರಿ ಪರೀಕ್ಷೆಗೆ ಓದುತ್ತೇನೆ. ಯಾವ ಕೆಲಸ, ಯಾವ ಊರು ಎಂಬ ದೊಡ್ಡ ಪ್ರಶ್ನೆಗೆ ನನಗಿನ್ನೂ ಉತ್ತರ ಸಿಕ್ಕಿಲ್ಲ. ನನ್ನ ಹಾಗೇ ಕಾಯುತ್ತಿರುವ ಗೆಳೆಯ ಗೆಳತಿಯರಿಗೆ, ನೀವು ಯಾವ ದೇವರಿಗೆ ಕೈ ಮುಗಿಯುವವರಾದರೂ ಸರಿ, ಹೇಳಬೇಕೆನಿಸುವುದು ಇಷ್ಟೇ. ತಿಳಿಯದ ಮಾತಿಗಾಗಿ ಕಾಯುವಾಗ ತಿಳಿದಿರುವ ಒಂದು ಮಾತನ್ನು ಇವತ್ತೇ ಮಾಡಿಬಿಡಿ. ಹಿಂತಿರುಗಿಸಬೇಕಾದ ಸಾಲವಿರಬಹುದು, ಬಯೊಡೇಟಾದಲ್ಲಿ ಅಳಿಸಬೇಕಾದ ಸಾಲಿರಬಹುದು, ಎತ್ತದೇ ಬಿಟ್ಟ ಫೋನ್ ಇರಬಹುದು. ಅದು ಯಾವುದೆಂದು ಕೇಳಲು ಉಪವಾಸ ಬೇಕಿಲ್ಲ. ಇದನ್ನು ಓದುತ್ತಿರುವಾಗಲೇ ನಿಮಗೆ ನೆನಪಾಗಿರುತ್ತದೆ.